ಹೊಲಿಗೆಗೆ ಬಿಟ್ಟ ಒಂದಿಂಚು

ನಮ್ಮ ಮಾವನ ಶೆಡ್ಡಿನಲ್ಲಿ ಒಂಬತ್ತು ವರ್ಷಗಳಲ್ಲಿ ತಯಾರಾದ ಸಾಮಾನುಗಳು ಯಾವುವೆಂದು ಮೊದಲು ಹೇಳಿಬಿಡುತ್ತೇನೆ, ಕೇಳಿ. ಮರ ಕೊಯ್ಯಲು ಒಂದು ಗಟ್ಟಿ ಮೇಜು. ಆ ಮೇಜಿನ ಮೇಲೆ ಉಳಿಗಳು ಉರುಳಾಡದಿರಲೆಂದು ಉಳಿಗಳಿಗೊಂದು ಪೆಟ್ಟಿಗೆ. ಆ ಪೆಟ್ಟಿಗೆ ಇಡಲು ಗೋಡೆಗೊಂದು ಹಲಗೆ. ಹಲಗೆ ಕೈಗೆ ಎಟುಕುವುದಿಲ್ಲವೆಂದು ಹತ್ತಿ ನಿಲ್ಲಲು ಒಂದು ಸ್ಟೂಲು. ಸ್ಟೂಲು ಕಾಲಿಗೆ ತೊಡರುತ್ತದೆಂದು ಅದನ್ನು ನೇತುಹಾಕಲು ಒಂದು ಗೂಟ. ಮನೆಗೆ? ಮನೆಗೆ ಏನೂ ಇಲ್ಲ. ಶೆಡ್ಡಿನ ಬಾಗಿಲು ದಾಟಿ ಹೊರಗೆ ಬಂದದ್ದು ಮರದ ಪುಡಿಯೊಂದೇ, ಅದೂ ಮಾವನ ತಲೆಯ ಮೇಲೆ ಕೂತು.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಅವನ ಹೆಗಲೇರಿ ಬೆಳೆದವಳು ನಾನು, ಹಾಗಾಗಿ ಏಕವಚನ. ಬೀದಿಯವರಿಗೆಲ್ಲ ಅವನು ಟೈಲರ್ ಸಾಹೇಬರು. ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಅವನ ಅಂಗಡಿ. ಕೋಟು, ಪ್ಯಾಂಟು, ಹೆಂಗಸರ ಫ್ರಾಕು, ಎಲ್ಲವೂ ಹೊಲಿಯುತ್ತಾನೆ, ಚೆನ್ನಾಗಿಯೇ ಹೊಲಿಯುತ್ತಾನೆ. ಕುತ್ತಿಗೆಯಲ್ಲಿ ಅಳತೆಯ ಟೇಪು ಸದಾ ಇರುತ್ತದೆ. ಸ್ನಾನಕ್ಕೆ ಹೋಗುವಾಗಲೂ ಅದನ್ನು ತೆಗೆಯಲು ತಾನೇ ನೆನಪಿಸಬೇಕು ಎಂದು ಅವನ ಹೆಂಡತಿ, ನನ್ನ ಅತ್ತೆ, ಹೇಳುತ್ತಾಳೆ. ಅವನ ಜೊತೆ ರಸ್ತೆಯಲ್ಲಿ ನಡೆಯುವುದು ನಾಚಿಕೆಯ ವಿಷಯ. ಎದುರಿಗೆ ಯಾರೇ ಬರಲಿ, “ಎದೆ ನಲವತ್ತು, ಎಡಭುಜ ಕಾಲಿಂಚು ಇಳಿದಿದೆ” ಎಂದು ಗೊಣಗುತ್ತಾನೆ. ಆ ಮನುಷ್ಯ ಗಾಬರಿಯಾಗಿ ತನ್ನ ಭುಜ ನೋಡಿಕೊಳ್ಳುತ್ತಾನೆ. ನಾನು ಪಕ್ಕದ ಯಾವುದೋ ಅಂಗಡಿಯ ಕಿಟಕಿಯೊಳಗಿನ ಪಾತ್ರೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಲ್ಲುತ್ತೇನೆ.

ಭಾನುವಾರ ಅಂಗಡಿಗೆ ಬೀಗ ಬಿದ್ದರೆ ಶೆಡ್ಡಿಗೆ ಜೀವ ಬರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಇನ್ನಿಬ್ಬರು ಹಾಜರು. ಒಬ್ಬರು ಹಲ್ಲಿನ ಡಾಕ್ಟರು. ತೆಳ್ಳಗೆ, ಉದ್ದಕ್ಕೆ ಇದ್ದಾರೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವರಿಗೆ ಊಟ ಸೇರದು. ಇನ್ನೊಬ್ಬ ಡ್ರೈವರಣ್ಣ. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಪ್ರಕಾರ ಪ್ರಪಂಚದ ಎಲ್ಲ ತಪ್ಪುಗಳಿಗೂ “ಹೋಗುತ್ತೆ ಬಿಡಿ” ಎಂಬುದೇ ಔಷಧ. ನಾನಿರುವುದು ಮಾವನ ಮನೆಯ ಮಹಡಿಯಲ್ಲಿ; ನನ್ನ ಅಡುಗೆಮನೆಯ ಕಿಟಕಿಗೆ ಶೆಡ್ಡೂ ಹಿತ್ತಲೂ ಪೂರ್ತಿ ಕಾಣುತ್ತವೆ. ವಾರದ ಆರು ದಿನ ಅಂಚೆ ಕಚೇರಿಯ ಜಾಲರಿಯ ಹಿಂದೆ ಕೂರುವ ನನಗೆ ಭಾನುವಾರದ ಆ ಕಿಟಕಿ ಒಂದು ನಾಟಕ.

“ಗರಗಸ ಅಂದ್ರೆ ಎಳೆದು ಕೊಯ್ಬೇಕು. ತಳ್ಳಿದ್ರೆ ಅಲಗು ಬಾಗುತ್ತೆ,” ಎನ್ನುತ್ತಾರೆ ಡಾಕ್ಟರು.

“ಹಲ್ಲು ಕೀಳೋರು ನೀವು, ಎಳೀತೀರಿ. ನಾವು ಕೆಟ್ಟು ನಿಂತ ಬಸ್ಸು ತಳ್ಳಿದೋರು, ತಳ್ತೀವಿ,” ಎನ್ನುತ್ತಾನೆ ಡ್ರೈವರಣ್ಣ.

“ಕೊಯ್ಯೋದು ಆಮೇಲೆ. ಮೊದಲು ಉಳಿ ಮಸೀಬೇಕು,” ಎನ್ನುತ್ತಾನೆ ಮಾವ.

ಮಸೆಯುವುದು ಎಂದರೆ ಎರಡು ಗಂಟೆ. ಕಲ್ಲಿಗೆ ನೀರು ಹಾಕಿ ಮಸೆದು, ಹರಿತವಾಯಿತೋ ಇಲ್ಲವೋ ಎಂದು ಎಡಗೈಯ ರೋಮ ಹೆರೆದು ನೋಡುತ್ತಾರೆ. ರೋಮ ಸರಾಗವಾಗಿ ಬಂದರೆ ಉಳಿ ಪಾಸು. ಹೀಗೆ ಪಾಸು ಮಾಡಿ ಮಾಡಿ ಮೂವರ ಎಡಗೈಯಲ್ಲೂ ಒಂದು ರೋಮ ಉಳಿದಿಲ್ಲ. ಬಲಗೈ ಮಾತ್ರ ಕರಡಿಯ ಕೈ. ಡಾಕ್ಟರ ಬಳಿ ಹಲ್ಲು ತೋರಿಸಲು ಹೋದ ನಮ್ಮ ಪೋಸ್ಟ್‌ಮಾಸ್ತರರು ಬಾಯಿ ತೆರೆದುಕೊಂಡೇ ಆ ಎರಡು ಕೈಗಳನ್ನು ನೋಡಿ, ವಾಪಸು ಬಂದು, “ಅವರಿಗೇನಾದ್ರೂ ಕಾಯಿಲೆನಾ?” ಎಂದು ನನ್ನನ್ನು ಕೇಳಿದ್ದರು.

ಹನ್ನೊಂದು ಗಂಟೆಗೆ ಅತ್ತೆ ಟೀ ತರುತ್ತಿದ್ದಳು. ಅತ್ತೆ ಗಿಡ್ಡ ಹೆಂಗಸು, ಧ್ವನಿ ಮಾತ್ರ ನಾಲ್ಕು ಆಳಿನದು. “ಮೂರು ಜನ ಸೇರಿ ಒಂದು ಮಣೆ ಮಾಡೋಕಾಗ್ಲಿಲ್ಲ. ಒಳಗೇನು ಮೊಟ್ಟೆಗೆ ಕಾವು ಕೊಡ್ತಿದೀರಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಿತ್ತಲಿಗೆ ಇಳಿಯುತ್ತಿದ್ದಳು. ಅವಳ ರಾಜ್ಯ ಅದು. ಟೊಮೆಟೊ, ಪುದೀನ, ಹಗ್ಗ ಹತ್ತುವ ಹುರುಳಿಕಾಯಿ, ಪಾಲಕ್, ಗೋಡೆಯ ಪಕ್ಕ ಎರಡು ಗುಲಾಬಿ. ಕುಕ್ಕುರುಗಾಲಲ್ಲಿ ಕೂತು, ಕಳೆ ಕೀಳುತ್ತ, ಒಂದೊಂದು ಗಿಡದ ಹತ್ತಿರವೂ ಮಾತಾಡುವಳು. ಗಿಡಕ್ಕೆ “ಏನೋ ಪುಟ್ಟ, ಬಿಸಿಲು ಜಾಸ್ತಿಯಾಯ್ತಾ?” ಎನ್ನುವಳು, ಮಾವನಿಗೆ “ಸ್ವಲ್ಪ ಸರೀರಿ, ನೆರಳು ಬೀಳ್ತಿದೆ” ಎನ್ನುವಳು.

ಆಮೇಲೆ ಅವಳ ಎರಡೂ ಮಂಡಿಗೆ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ನಡೆಯಬಹುದು, ನಿಲ್ಲಬಹುದು, ಮೆಟ್ಟಿಲು ಹತ್ತಬಹುದು ಎಂದರು ಮೂಳೆ ಡಾಕ್ಟರು. ಕುಕ್ಕುರುಗಾಲಲ್ಲಿ ಕೂರುವುದು, ನೆಲಕ್ಕೆ ಬಗ್ಗುವುದು ಎರಡನ್ನು ಮಾತ್ರ ಮರೆತುಬಿಡಿ ಎಂದರು. ಅತ್ತೆಯ ರಾಜ್ಯವೆಲ್ಲ ಇದ್ದದ್ದು ನೆಲದಲ್ಲೇ.

ಮೊದಲ ತಿಂಗಳು ಹಿಂಬಾಗಿಲ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ನಮ್ಮ ಕೈಲಿ ಕೆಲಸ ಮಾಡಿಸಿದಳು. ಮಾವ ಕಳೆಯೆಂದು ಪಾಲಕ್ ಕಿತ್ತ. ನಾನು ಪ್ರೀತಿಯಿಂದ ನೀರು ಹಾಕಿ ಹಾಕಿ ಹುರುಳಿಕಾಯಿ ಬಳ್ಳಿಯ ಬೇರು ಕೊಳೆಸಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಒಂದು ದಿನ ಕುರ್ಚಿ ಒಳಗೆ ತೆಗೆಸಿದಳು, ಹಿಂಬಾಗಿಲು ಹಾಕಿಸಿದಳು. ಅತ್ತೆ ಸುಮ್ಮನಿರುವುದನ್ನು ನಾನು ಅದುವರೆಗೆ ಕಂಡಿರಲೇ ಇಲ್ಲ. ನನಗೆ ನಿಜವಾಗಿಯೂ ಭಯವಾಯಿತು.

ಒಂದು ಗುರುವಾರ ಮಧ್ಯಾಹ್ನ, ಕಚೇರಿಯಿಂದ ಊಟಕ್ಕೆ ಬಂದ ನನಗೂ ಮಾವನಿಗೂ ಬಡಿಸುತ್ತ ಅತ್ತೆ, “ಸೋಮವಾರ ಬೆಳಗ್ಗೆ ಗಾರೆ ಮೇಸ್ತ್ರಿ ಬರ್ತಾನೆ. ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸ್ತಿದೀನಿ,” ಎಂದಳು.

ಮಾವನ ತುತ್ತು ಕೈಯಲ್ಲೇ ಉಳಿಯಿತು. “ಎಲ್ಲದಕ್ಕೂನಾ?”

“ಎಲ್ಲದಕ್ಕೂ. ಬಗ್ಗೋಕಾಗದ ಮೇಲೆ ದಿನಾ ನೋಡ್ತಾ ಹೊಟ್ಟೆ ಉರಿಸ್ಕೊಳ್ಳೋದು ಯಾಕೆ? ನಯವಾಗಿ ಸಿಮೆಂಟ್ ಹಾಕಿದ್ರೆ ಬಟ್ಟೆ ಒಣಗಿಸ್ಬಹುದು.” ಅಷ್ಟು ಹೇಳಿ ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ನಾನು ಬೇಡವೆನ್ನಲೂ ಮರೆತೆ.

ಅಂದು ಸಂಜೆ ಮಾವ ಮಹಡಿ ಹತ್ತಿ ಬಂದ. ಕೈಯಲ್ಲಿ ಬಿಲ್ಲಿನ ಹಿಂಬದಿಯಲ್ಲಿ ಬರೆದ ಒಂದು ಚಿತ್ರ: ನಾಲ್ಕು ಕಾಲಿನ ಮೇಲೊಂದು ತೊಟ್ಟಿ.

“ಅವಳು ನೆಲಕ್ಕೆ ಬಗ್ಗೋಕಾಗಲ್ಲ ತಾನೆ? ನೆಲಾನೇ ಅವಳ ಸೊಂಟಕ್ಕೆ ಎತ್ತಿಬಿಡೋಣ. ನಾಲ್ಕಡಿ ಉದ್ದ, ಎರಡಡಿ ಅಗಲ, ಒಳಗೆ ಮುಕ್ಕಾಲಡಿ ಮಣ್ಣು. ನಿಂತ್ಕೊಂಡೇ ಪುದೀನ, ಟೊಮೆಟೊ ಎಲ್ಲ ಮಾಡ್ಬಹುದು. ಭಾನುವಾರ ಸಂಜೆ ತೋರಿಸ್ತೀನಿ, ಸೋಮವಾರ ಮೇಸ್ತ್ರಿನ ಅವಳೇ ವಾಪಸ್ ಕಳಿಸ್ತಾಳೆ.”

ಒಂಬತ್ತು ವರ್ಷದಲ್ಲಿ ಏನನ್ನೂ ಮುಗಿಸದವನು ಮೂರು ದಿನದಲ್ಲಿ ಮುಗಿಸುತ್ತೇನೆ ಎನ್ನುತ್ತಿದ್ದಾನೆ! ನಗು ಬಂತು. ಅವನ ಮುಖ ನೋಡಿ ನಗಲಿಲ್ಲ. “ಅತ್ತೆ ಎತ್ತರ ಅಳೀಬೇಡ್ವಾ?” ಎಂದೆ.

“ಅಳೆದ್ರೆ ಗುಟ್ಟು ರಟ್ಟಾಗುತ್ತೆ. ಅವಳ ಅಳತೆ ನನಗೆ ಬಾಯಿಪಾಠ ಕಣೇ. ನೆಲದಿಂದ ಸೊಂಟಕ್ಕೆ ಮೂವತ್ತೇಳು ಇಂಚು.” ಹೇಳುವಾಗ ಅವನ ಎದೆ ಎರಡಿಂಚು ಉಬ್ಬಿತ್ತು.

ಶುಕ್ರವಾರ ಅಂಗಡಿಯ ಬಾಗಿಲಿಗೆ ‘ತುರ್ತು ಕೆಲಸ’ ಎಂದು ಚೀಟಿ ಬಿತ್ತು. ಡಾಕ್ಟರು ಶನಿವಾರದ ಹಲ್ಲುಗಳನ್ನೆಲ್ಲ ಮುಂದಕ್ಕೆ ಹಾಕಿದರು. ಡ್ರೈವರಣ್ಣ ತನ್ನ ಹಳೆಯ ಕಾರಿನ ಮೇಲೆ ಮರ ಕಟ್ಟಿಕೊಂಡು ಬಂದ. ತೊಟ್ಟಿಯ ಹಲಗೆಗಳನ್ನು ಮರದಂಗಡಿಯವನೇ ಯಂತ್ರದಲ್ಲಿ ಕೊಯ್ದು ಕೊಟ್ಟಿದ್ದರಿಂದ ಅದರಲ್ಲಿ ತಪ್ಪಿಗೆ ಜಾಗವಿರಲಿಲ್ಲ. ನಾಲ್ಕು ಕಾಲು ಮಾತ್ರ ನಮ್ಮವರ ಕೈಕೆಲಸ. ಒಳಗೆ ಅತ್ತೆ ರೇಡಿಯೋ ಜೋರಾಗಿ ಹಾಕಿಕೊಂಡು ಮಲಗಿರುತ್ತಿದ್ದಳು. ಹಿಂಬಾಗಿಲು ಮುಚ್ಚಿಯೇ ಇತ್ತು. ಶೆಡ್ಡಿನಲ್ಲಿ ಮೂವರೂ ಪಿಸುಮಾತಿನಲ್ಲಿ ಜಗಳವಾಡುತ್ತ, ಪಿಸುಮಾತಿನಲ್ಲೇ ಕೂಗುತ್ತ, ಸುತ್ತಿಗೆಗೆ ಬಟ್ಟೆ ಸುತ್ತಿ ಬಡಿಯುತ್ತ ಕೆಲಸ ಮಾಡಿದರು. ಎರಡು ದಿನದಲ್ಲಿ ಯಾರೂ ಒಂದು ರೋಮವನ್ನೂ ಹೆರೆಯಲಿಲ್ಲ. ಸಂಜೆ ಕಚೇರಿಯಿಂದ ಬಂದು ಅದನ್ನು ನೋಡಿಯೇ ಇದು ಮುಗಿಯುತ್ತದೆ ಎಂದು ನನಗೆ ನಂಬಿಕೆ ಬಂತು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಆ ತೊಟ್ಟಿ, ಅಡ್ಡ ಮಲಗಿಕೊಂಡು, ಡಾಕ್ಟರ ಬೆರಳಗೆಣ್ಣಿನ ಚರ್ಮ ಬಾಗಿಲಿಗೆ ಬಿಟ್ಟು, ಶೆಡ್ಡಿನಿಂದ ಹೊರಗೆ ಬಂತು. ಒಂಬತ್ತು ವರ್ಷದ ಬಸುರಿಗೆ ಹೆರಿಗೆಯಾದ ಹಾಗೆ ಮೂವರೂ ಬೆವರಿ ನಗುತ್ತಿದ್ದರು. ನಾನು ಕೆಳಗೆ ಓಡಿದೆ. ಹಿತ್ತಲ ನಡುವೆ, ಬಿಸಿಲು ಬೀಳುವ ಕಡೆ ನಿಲ್ಲಿಸಿದೆವು. ಹದಿನೇಳು ಬಕೆಟ್ ಮಣ್ಣು ತುಂಬಿದೆವು. ಡ್ರೈವರಣ್ಣ ಒಂದು ಕೈ ಅದರ ಮೇಲೆ ಬಡಿದು, “ಬಸ್ಸು ಹತ್ತಿಸಿದ್ರೂ ಅಲ್ಲಾಡಲ್ಲ,” ಎಂದ. ಅದೊಂದು ಮಾತು ಮಾತ್ರ ನಿಜವಾಗಿತ್ತು.

ಮಾವ ಹಿಂಬಾಗಿಲು ತಟ್ಟಿದ. “ಬಾರೇ ಇಲ್ಲಿ. ಒಂದು ನಿಮಿಷ.”

ಅತ್ತೆ ಕೋಲೂರಿಕೊಂಡು ಮೆಟ್ಟಿಲಿಳಿದಳು. ತೊಟ್ಟಿ ನೋಡಿದಳು. ಮಣ್ಣು ನೋಡಿದಳು. ಅವಳ ಹುಬ್ಬು ಮೇಲೆ ಹೋಯಿತು, ಕೈ ತಾನಾಗಿಯೇ ಮುಂದೆ ಬಂತು. ಕೋಲನ್ನು ನನಗೆ ಕೊಟ್ಟು ನಾಲ್ಕು ಹೆಜ್ಜೆ ಬೇಗ ಬೇಗ ನಡೆದಳು. ಹತ್ತಿರ ಹೋಗಿ ನಿಂತಳು. ತೊಟ್ಟಿಯ ಅಂಚು ಅವಳ ಎದೆಗೆ ಬಂತು. ಕೈ ಮೇಲೆತ್ತಿ ಒಳಗೆ ಹಾಕಿದಳು. ಅಂಗಡಿಯ ಕಟ್ಟೆಯ ಆಚೆ ಮಿಠಾಯಿಗೆ ಕೈ ಚಾಚುವ ಮಗುವಿನ ಹಾಗೆ ತುದಿಗಾಲಲ್ಲಿ ನಿಂತಳು. ಬೆರಳ ತುದಿಗೆ ಚೂರು ಮಣ್ಣು ಸಿಕ್ಕಿತು, ಅಷ್ಟೆ.

“ಇದು ಯಾರಿಗೆ ಮಾಡಿದ್ದು?” ಅತ್ತೆ ಕೇಳಿದಳು.

“ನಿನಗೇ,” ಎಂದ ಮಾವ.

“ನಾನು ಇಷ್ಟು ಎತ್ತರ ಇದೀನಾ?” ಅವಳು ಬೆರಳು ಒರೆಸಿಕೊಂಡಳು. ಧ್ವನಿ ಏರಿರಲಿಲ್ಲ, ಅದೇ ಕಷ್ಟವಾದದ್ದು. “ಊರೋರ ಅಳತೆಯೆಲ್ಲ ನೋಡಿದ ಕೂಡಲೇ ಹೇಳ್ತೀರಿ. ಮೂವತ್ತೆರಡು ವರ್ಷದಿಂದ ನಾನು ಕಣ್ಣಿಗೆ ಬಿದ್ದೇ ಇಲ್ಲ ಅನ್ಸುತ್ತೆ. ಇರ್ಲಿ ಬಿಡಿ, ನಾಳೆ ಮೇಸ್ತ್ರಿ ಬರ್ತಾನೆ.”

ಕೋಲು ತೆಗೆದುಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು. ಮಾವ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಕುತ್ತಿಗೆಯ ಟೇಪು ತೆಗೆದು ನೆಲದಿಂದ ತೊಟ್ಟಿಯ ಅಂಚಿಗೆ ಹಿಡಿದ. ನಲವತ್ತೊಂದು ಇಂಚು.

“ನಲವತ್ತೊಂದಾ?” ಮಾವನ ಧ್ವನಿ ಕೀರಲಾಯಿತು. “ನಾನು ಮೂವತ್ತೆಂಟು ಅಂತ ಬರ್ದಿದ್ದೆ!”

“ನೀನು ಹೇಳಿದ್ದು ಮೂವತ್ತೇಳು,” ಎಂದೆ ನಾನು.

ಮಾವ ತಲೆ ಕೆರೆದುಕೊಂಡ. “ಹೊಲಿಗೆಗೆ ಅಂತ ಒಂದಿಂಚು ಬಿಡ್ಬೇಕಲ್ವೇನೇ? ಬಟ್ಟೆ ಕಮ್ಮಿಯಾದ್ರೆ ಆಮೇಲೆ ಎಲ್ಲಿಂದ ತರ್ತೀಯ?”

“ಮರಕ್ಕೆ ಹೊಲಿಗೆ ಎಲ್ಲಿ ಹಾಕ್ತಿದ್ದೆ?”

ಡಾಕ್ಟರು ಕೆಮ್ಮಿದರು. ಅವರ ಕಿವಿ ಕೆಂಪಾಗಿತ್ತು. “ಸಾಹೇಬ್ರು ಮೂವತ್ತೆಂಟು ಅಂತ ಬರ್ದಿದ್ರು, ನಿಜ. ನಾನು ಮರದ ಮೇಲೆ ಗೆರೆ ಹಾಕೋವಾಗ ಮೂವತ್ತೊಂಬತ್ತಕ್ಕೆ ಹಾಕ್ದೆ. ಉಜ್ಜಿ ಸರಿ ಮಾಡೋಕೆ ಒಂದಿಂಚು ಇರ್ಲಿ ಅಂತ. ಹಲ್ಲು ಕಟ್ಟೋವಾಗ ನಾವು ಹಾಗೇ ಮಾಡೋದು.”

“ಒಂದಿಂಚು ಹಲ್ಲು ಯಾರಿಗೆ ಕಟ್ಟಿದೀರಿ, ಆನೆಗಾ?” ಎಂದೆ. ನನಗೆ ಪಿತ್ತ ನೆತ್ತಿಗೇರಿತ್ತು.

ಎಲ್ಲರೂ ಡ್ರೈವರಣ್ಣನ ಕಡೆ ತಿರುಗಿದೆವು. ಅವನು ಆಕಾಶ ನೋಡುತ್ತಿದ್ದ. “ಗೆರೆ ಮೇಲೇ ಗರಗಸ ಇಟ್ರೆ ಗಾಡಿ ಉಜ್ಜುತ್ತಲ್ಲ! ತಿರುವಿನಲ್ಲಿ ಎರಡಿಂಚು ಜಾಗ ಬಿಡೋದು ನನಗೆ ಕೈಗೆ ಬಂದ್ಬಿಟ್ಟಿದೆ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ, ಗೊತ್ತಾ?” “ಹೋಗುತ್ತೆ ಬಿಡಿ,” ಎಂದು ಸೇರಿಸಿದ. ಅವನಿಗೂ ನಂಬಿಕೆ ಇದ್ದಂತೆ ಕಾಣಲಿಲ್ಲ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಇವರು ಅವರಪ್ಪನ ಮೇಲೂ ನಾಲ್ಕಿಂಚು ಬಿಟ್ಟಿದ್ದರು. ಒಬ್ಬರಿಗೊಬ್ಬರು ಹೇಳದೆ, ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದೆ, ಮೂವರೂ ಅವರವರ ಕಸುಬಿನ ಜಾಣತನವನ್ನು ಒಂದೇ ಕಾಲಿಗೆ ಕಟ್ಟಿದ್ದರು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ನಗು ಗೆದ್ದಿತು. ಡಾಕ್ಟರೂ ನಕ್ಕರು, ಡ್ರೈವರಣ್ಣನೂ ನಕ್ಕ. ಮಾವ ನಗಲಿಲ್ಲ.

“ನಾಲ್ಕಿಂಚು ಹೆಚ್ಚಾದ್ರೆ ಎದೆಗೆ ಬರಲ್ಲ,” ಎಂದ ಅವನು ನಿಧಾನವಾಗಿ. “ಮೂವತ್ತೇಳೇ ತಪ್ಪು.”

“ಅತ್ತೆ ಅಳತೆ ಕೊನೇ ಸಲ ಯಾವಾಗ ತಗೊಂಡಿದ್ದೆ?” ಎಂದು ಕೇಳಿದೆ.

ಅವನು ಬೆರಳು ಮಡಚಿ ಎಣಿಸಿದ. ಒಂದು ಕೈ ಮುಗಿಯಿತು, ಇನ್ನೊಂದು ಕೈ ಮುಗಿಯಿತು. “ಮದುವೆಗೆ ಮುಂಚೆ. ಅಂಗಡಿಗೆ ಬಂದಿದ್ಲು, ಫ್ರಾಕ್ ಹೊಲಿಸೋಕೆ. ಆಮೇಲೆಲ್ಲ ಹಳೇ ಬಟ್ಟೆ ಪಕ್ಕಕ್ಕೆ ಇಟ್ಕೊಂಡು ಅದೇ ಅಳತೆಗೆ ಕತ್ತರಿಸ್ತೀನಿ.”

ಊರಿಗೆಲ್ಲ ಟೇಪು ಹಿಡಿದವನಿಗೆ ಮನೆಯಾಕೆಯ ಅಳತೆ ಬೇಕಾಗಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಮಾವ ಟೇಪು ಕೈಯಲ್ಲಿ ಹಿಡಿದು ಮನೆಯೊಳಗೆ ನಡೆದ. ನಾನೂ ಹಿಂದೆಯೇ ಹೋಗಿ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತೆ. ಕದ್ದು ನೋಡುವುದು ತಪ್ಪು, ಗೊತ್ತು. ನೋಡಿದೆ.

ಅತ್ತೆ ಮಂಚದ ಅಂಚಿನಲ್ಲಿ ಕೂತಿದ್ದಳು.

“ಎದ್ದು ನಿಲ್ಲೇ,” ಎಂದ ಮಾವ.

“ಯಾಕೆ?”

“ಅಳತೆ ತಗೋಬೇಕು.”

“ಬಾಯಿಪಾಠ ಅಂತಿದ್ರಲ್ಲ ಯಾವಾಗ್ಲೂ?”

“ಬಾಯಿಪಾಠ ಇರೋದು ಆಗಿನ ಹುಡುಗೀದು. ನಿಂದು ತಗೊಂಡೇ ಇಲ್ಲ.”

ಅತ್ತೆ ಮಂಚದ ಕಟ್ಟು ಹಿಡಿದು ಎದ್ದು ನಿಂತಳು. ಮಾವ ಅವಳ ಮುಂದೆ ಮಂಡಿಯೂರಿ ಕೂತ. ಅವನ ಮಂಡಿ ಲಟಕ್ಕೆಂದಿತು.

“ನಿಮ್ಮದೂ ಹೊರಟ್ಹೋಗಿದೆ. ನನ್ನ ಡಾಕ್ಟರ ಹತ್ರಾನೇ ಹೋಗಿ,” ಎಂದಳು ಅತ್ತೆ.

ಮಾವ ಟೇಪಿನ ತುದಿಯನ್ನು ಅವಳ ಹಿಮ್ಮಡಿಯ ಪಕ್ಕ ನೆಲಕ್ಕೆ ಒತ್ತಿ, ಮೇಲಕ್ಕೆ ಸೊಂಟದವರೆಗೆ ಎಳೆದ. ಎರಡು ಸಲ ಎಳೆದ. “ಮೂವತ್ತನಾಲ್ಕು,” ಎಂದ. “ಆಗ ಮೂವತ್ತೇಳಿತ್ತು. ಪ್ರಮಾಣವಾಗಿ ಇತ್ತು.”

“ಇತ್ತು. ಆಗ ಹೀಲ್ಸ್ ಹಾಕಿದ್ದೆ ಕಣ್ರೀ.” ಅತ್ತೆಯ ಮುಖ ಇದ್ದಕ್ಕಿದ್ದಂತೆ ಕೆಂಪಾಯಿತು, ಐವತ್ತೇಳು ವರ್ಷದ ಹೆಂಗಸು, ನಾನೇ ಕಣ್ಣಾರೆ ಕಂಡೆ. “ಎರಡಿಂಚಿನದು. ಅಕ್ಕಂದು ಕದ್ದು ಹಾಕ್ಕೊಂಡು ಬಂದಿದ್ದೆ. ಟೈಲರ್ ಅಂಗಡಿ ಹುಡುಗ ಗಿಡ್ಡಿ ಅಂತ ಅಂದ್ಕೋಬಾರ್ದು ಅಂತ.”

ಮಾವ ತಲೆಯೆತ್ತಿ ಅವಳನ್ನು ನೋಡಿದ.

“ಉಳಿದ ಒಂದಿಂಚು?” ಎಂದು ಕೇಳಿದ.

“ಅದು ನಿಮ್ಮ ಜೊತೆ ಬಾಳಿ ಸವೆದದ್ದು. ಇಷ್ಟು ವರ್ಷ ನೀವು ಹೊಲಿದ ಪ್ರತಿ ಬಟ್ಟೇನೂ ಕೆಳಗಡೆ ಮೂರಿಂಚು ಮಡಚಿ ನಾನೇ ಹೊಲ್ಕೊಂಡಿದೀನಿ. ಟೈಲರ್ ಹೆಂಡ್ತಿ! ಯಾರಿಗಾದ್ರೂ ಹೇಳಿದ್ರೆ ನಗ್ತಾರೆ.”

“ಹೇಳೋದಲ್ವೇನೇ?”

“ನೋಡೋದಲ್ವಾ?”

ಮಾವ ಅವಳ ಫ್ರಾಕಿನ ಕೆಳ ಅಂಚು ತಿರುಗಿಸಿ ನೋಡಿದ. ಅಲ್ಲಿ ಅತ್ತೆಯ ಕೈಯ ಸಣ್ಣ ಸಣ್ಣ ಹೊಲಿಗೆ, ನೆಟ್ಟಗೆ, ಒಂದೇ ಸಮ. ಅವನು ಅದರ ಮೇಲೆ ಹೆಬ್ಬೆರಳು ಆಡಿಸುತ್ತ ಕೂತುಬಿಟ್ಟ. ಅವನ ಕಣ್ಣು ತುಂಬಿತು. ನನ್ನದೂ ತುಂಬಿತು, ಸುಳ್ಳೇಕೆ ಹೇಳಲಿ. ಅತ್ತೆ ಅವನ ತಲೆಯಿಂದ ಮರದ ಪುಡಿ ಕೊಡವುತ್ತ, “ಏಳಿ, ಕಾಲು ಹಿಡ್ಕೊಂಡುಬಿಡುತ್ತೆ. ಮೂವತ್ತನಾಲ್ಕು. ಹೊಲಿಗೆಗೆ ಅಂತ ಒಂದು ನೂಲು ಬಿಟ್ರೂ ನೋಡಿ ಮತ್ತೆ,” ಎಂದಳು.

ನಾನು ಹೊರಗೆ ಬಂದು ಮೂವತ್ತನಾಲ್ಕು ಎಂದು ಹೇಳಿದ್ದೇ ತಡ, ಯುದ್ಧ ಶುರುವಾಯಿತು. ಕಾಲುಗಳನ್ನು ಏಳಿಂಚು ಕೊಯ್ಯಲೇಬೇಕು ಎಂದು ಡಾಕ್ಟರು. ಕೊಯ್ಯೋಣ, ನನ್ನ ಗರಗಸದಲ್ಲೇ ಎಂದು ಡ್ರೈವರಣ್ಣ. ಹದಿನೇಳು ಬಕೆಟ್ ಮಣ್ಣು ಮೇಲೆ ಕೂತಿರುವಾಗ ಕೆಳಗೆ ಕಾಲು ಕೊಯ್ಯುವುದು ಹೇಗೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಎಳೆಯುವುದೋ ತಳ್ಳುವುದೋ ಎಂಬಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಬಿಸಿಲು ಆಗಲೇ ಗೋಡೆಯ ಮೇಲಕ್ಕೆ ಹತ್ತಿತ್ತು.

ಅತ್ತೆ ಮೆಟ್ಟಿಲ ಮೇಲೆ ನಿಂತು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಅವಳ ಹಳೆಯ ಧ್ವನಿ ಬಂತು, ನಾಲ್ಕು ಆಳಿನದು, ಮೂರು ತಿಂಗಳ ಮೇಲೆ ಮೊದಲ ಸಲ:

“ಅಯ್ಯೋ, ಕೊಯ್ಯೋದ್ಯಾಕ್ರೋ! ಎತ್ತರ ಹೆಚ್ಚಾದ ಸಸಿನ ಏನ್ಮಾಡ್ತಾರೆ? ಆಳಕ್ಕೆ ನೆಡ್ತಾರೆ. ಏಳಿಂಚು ಗುಂಡಿ ತೆಗೀರಿ!”

“ಅಕ್ಕಾ, ಮಣ್ಣಲ್ಲಿ ಹೂತ್ರೆ ಕಾಲು ಕೊಳೆಯುತ್ತೆ,” ಎಂದ ಡ್ರೈವರಣ್ಣ. ಯಾವುದಕ್ಕೂ ಹೋಗುತ್ತೆ ಬಿಡಿ ಎನ್ನುವವನಿಗೂ ಇದು ಹೋಗಲಿಲ್ಲ.

“ಎಷ್ಟು ವರ್ಷಕ್ಕೆ?”

“ಒಂದೆಂಟು ವರ್ಷ.”

“ಅಷ್ಟರಲ್ಲಿ ಇನ್ನೊಂದು ಮಾಡಿ. ನಿಮ್ಮ ವೇಗಕ್ಕೆ ನಾಳೇನೇ ಶುರು ಮಾಡಿದ್ರೆ ಸರಿಹೋಗುತ್ತೆ.”

ಆಮೇಲಿನ ಒಂದೂವರೆ ಗಂಟೆಯನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಡ್ರೈವರಣ್ಣ ಕಾರಿನಿಂದ ಜಾಕು ತಂದು ತೊಟ್ಟಿಯ ಒಂದು ಬದಿ ಎತ್ತಿದ. ಮಾವ ಹೊಟ್ಟೆಯ ಮೇಲೆ ಮಲಗಿ ಕೈಗುದ್ದಲಿಯಿಂದ ಕಾಲಿನ ಕೆಳಗೆ ತೋಡಿದ. ಡಾಕ್ಟರು ಕನ್ನಡಿ ಹಿಡಿದು ಗುಂಡಿಯೊಳಗೆ ಇಣುಕಿ, “ಇನ್ನು ಕಾಲಿಂಚು, ಎಡಗಡೆ ಹುಳುಕಿದೆ,” ಎಂದು ವರದಿ ಕೊಟ್ಟರು. ಜಾಕು ಇಳಿಸಿದಾಗ ಆ ಬದಿ ಧೊಪ್ಪನೆ ಕೂತು, ಎರಡು ಬಕೆಟ್ ಮಣ್ಣು ಮಾವನ ಕುತ್ತಿಗೆಯೊಳಗೆ ಹೋಯಿತು. ಅತ್ತೆ ಕುರ್ಚಿಯಲ್ಲಿ ಕೂತು ಕೋಲು ಬೀಸುತ್ತ ಅಪ್ಪಣೆ ಕೊಡುತ್ತಿದ್ದಳು. “ಡಾಕ್ಟ್ರೇ, ಗುಲಾಬಿ ಮೇಲೆ ನಿಂತಿದೀರಿ! ರೀ, ನಿಮ್ಮನ್ನು ನೆಡಿ ಅಂದಿಲ್ಲ, ಕಾಲು ನೆಡಿ ಅಂದಿದ್ದು!” ನಾನು ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡು ಪುದೀನದ ಮಡಿಯಲ್ಲೇ ಕೂತುಬಿಟ್ಟೆ. ಅದಕ್ಕೂ ಬೈಸಿಕೊಂಡೆ, ಖುಷಿಯಿಂದ.

ನಾಲ್ಕನೆಯ ಕಾಲು ಇಳಿದ ಮೇಲೆ ಡಾಕ್ಟರು ರಸಮಟ್ಟ ತಂದು ಅಂಚಿನ ಮೇಲಿಟ್ಟರು. ಗಾಜಿನೊಳಗಿನ ಗುಳ್ಳೆ ನಡುವಿನಲ್ಲಿ ನಿಲ್ಲದೆ ಬಲಕ್ಕೆ ಸರಿಯಿತು. ಅವರ ಮುಖದಲ್ಲಿ ಸಾವಿನ ಕಳೆ. “ಅರ್ಧ ಇಂಚು ವಾಲಿದೆ. ಮತ್ತೆ ಎತ್ಬೇಕು.”

“ಬೇಡ. ವಾಲಿರ್ಲಿ. ನೀರು ಒಂದು ಕಡೆ ಬಸಿದು ಹೋಗ್ಬೇಕು,” ಎಂದಳು ಅತ್ತೆ.

“ಆದ್ರೆ ಗುಳ್ಳೆ ನಡುವೆ ಬರ್ಬೇಕಲ್ಲಮ್ಮ!”

ಮಾವ ಎದ್ದು ನಿಂತ. ಕೂದಲಲ್ಲಿ ಮಣ್ಣು, ಮೂಗಿನ ಮೇಲೆ ಮಣ್ಣು. “ಡಾಕ್ಟ್ರೇ, ಅಲ್ಲಿ ನಿಂತು ತೋಟ ಮಾಡೋದು ಗುಳ್ಳೆಯಲ್ಲ, ಇವಳು,” ಎಂದು ರಸಮಟ್ಟ ತೆಗೆದು ಅವರ ಕೈಗೆ ಕೊಟ್ಟ. ಒಂಬತ್ತು ವರ್ಷದ ಸ್ನೇಹದಲ್ಲಿ ಡಾಕ್ಟರಿಗೆ ಅವನು ಎದುರಾಡಿದ್ದು ಅದೇ ಮೊದಲು. ಡಾಕ್ಟರು ರಸಮಟ್ಟವನ್ನು ಜೇಬಿಗೆ ಹಾಕಿಕೊಂಡರು.

ಅತ್ತೆ ಕುರ್ಚಿಯಿಂದ ಎದ್ದು ತೊಟ್ಟಿಯ ಮುಂದೆ ನಿಂತಳು. ಈ ಸಲ ಕೈ ಎತ್ತಬೇಕಾಗಲಿಲ್ಲ. ಎರಡೂ ಕೈ ಮಣಿಕಟ್ಟಿನವರೆಗೆ ಮಣ್ಣೊಳಗೆ ಇಳಿದವು. ಅವಳು ಕಣ್ಣು ಮುಚ್ಚಿಕೊಂಡಳು. ಡ್ರೈವರಣ್ಣ ಮುಖ ತಿರುಗಿಸಿ ಜಾಕನ್ನು ಬಹಳ ಹೊತ್ತು ಒರೆಸಿದ.

ಸೋಮವಾರ ಬೆಳಿಗ್ಗೆ ನಾನು ಕಚೇರಿಗೆ ಹೊರಡುವ ಹೊತ್ತಿಗೆ ಗಾರೆ ಮೇಸ್ತ್ರಿ ಸಿಮೆಂಟು ಮೂಟೆಗಳ ಗಾಡಿ ನಿಲ್ಲಿಸಿ ಹಿತ್ತಲಿಗೆ ಬಂದ. ಅತ್ತೆ ಆಗಲೇ ಪುದೀನ ಎಲ್ಲ ಎತ್ತಿಸಿ ತೊಟ್ಟಿಗೆ ನೆಡುತ್ತಿದ್ದಳು. ಮಾವ ಪಕ್ಕದಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ, ಅಂಗಡಿಗೆ ಹೊತ್ತಾಗಿದ್ದರೂ.

“ಅಮ್ಮಾ, ಎಲ್ಲಿಂದ ಶುರು ಮಾಡ್ಲಿ?” ಎಂದು ಮೇಸ್ತ್ರಿ ಕೇಳಿದ.

ಅತ್ತೆ ತಿರುಗದೆಯೇ ಹೇಳಿದಳು: “ಹಿತ್ತಲಿಗೆಲ್ಲ ಬೇಡಪ್ಪ. ಮೆಟ್ಟಿಲಿಂದ ಈ ತೊಟ್ಟಿವರೆಗೆ ಒಂದು ದಾರಿ, ಆಮೇಲೆ ಇದರ ಸುತ್ತ. ಮಳೆ ಬಂದ್ರೆ ಜಾರಬಾರ್ದು, ಅಷ್ಟೇ.”

“ಅಗಲ ಎಷ್ಟಿರ್ಲಿ? ಒಬ್ರು ನಡಿಯೋಷ್ಟು ಸಾಕಲ್ವಾ?”

“ಸಾಲಲ್ಲ. ಇಬ್ರು ಅಕ್ಕಪಕ್ಕ ನಿಲ್ಲೋಷ್ಟು ಬೇಕು,” ಎಂದಳು ಅತ್ತೆ. “ಇನ್ನು ಮೇಲೆ ಭಾನುವಾರ ಇವರೂ ಇಲ್ಲೇ ಇರ್ತಾರೆ.”

ಮಾವ ಶೆಡ್ಡಿನ ಕಡೆ ನೋಡಿದ, ಅತ್ತೆಯ ಕಡೆ ನೋಡಿದ. ಆಮೇಲೆ ಚೊಂಬು ಕೆಳಗಿಟ್ಟು, ಅವಳ ಪಕ್ಕ ನಿಂತು, ಇಬ್ಬರ ಅಗಲಕ್ಕೆ ಮೇಸ್ತ್ರಿ ಗೆರೆ ಹಾಕಲೆಂದು ಕಾಲು ಜೋಡಿಸಿಕೊಂಡ.